ಕಿವಿರು ಎತ್ತಿ ನೋಡಿದರೆ

ಕುಂದಾಪುರದ ಕಡೆ ಮೀನು ಕೊಳ್ಳುವವರಿಗೆ ಒಂದು ಅಭ್ಯಾಸವಿದೆ. ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬಂಗುಡೆಯ ಕೆನ್ನೆಯ ಮುಚ್ಚಳವನ್ನು ಹೆಬ್ಬೆರಳಿನಿಂದ ಎತ್ತಿ ಒಳಗೆ ಇಣುಕುತ್ತಾರೆ. ಕಡುಗೆಂಪು ಕಂಡರೆ ಚೌಕಾಸಿ ಶುರು. ಕಂದಿ ಬಿಳಿಚಿದ್ದರೆ ಎದ್ದು ಮುಂದಿನ ಬುಟ್ಟಿಗೆ. ಜಾಣೆಯಾದ ಮಾರುವಾಕೆ ಗಿರಾಕಿ ಕೈ ಹಾಕುವ ಮೊದಲೇ ತಾನೇ ಎತ್ತಿ ತೋರಿಸುತ್ತಾಳೆ: “ಕಾಣಿ ಅಮ್ಮ, ನೆತ್ರ್ ಇತ್ತಲ್ದಾ?”

ಆ ಕೆಂಪನ್ನು ಎಷ್ಟೋ ವರ್ಷ ನೋಡಿಯೂ ನಾನು ಅದರ ಬಗ್ಗೆ ಯೋಚಿಸಿರಲಿಲ್ಲ. ಮೀನಿನ ಮೈಯಲ್ಲಿ ಕೊಯ್ಯದೆ, ಗೀರದೆ ನೆತ್ತರು ಅಷ್ಟು ನಿಚ್ಚಳವಾಗಿ ಕಾಣುವ ಜಾಗ ಅದೊಂದೇ. ಅಲ್ಲಿ ನೆತ್ತರಿಗೂ ನೀರಿಗೂ ನಡುವೆ ಇರುವ ಗೋಡೆಯ ದಪ್ಪ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲು. ಅಷ್ಟು ತೆಳು ಗೋಡೆ ಇಟ್ಟುಕೊಂಡು ಬದುಕುವುದೆಂದರೆ ಮನೆಯ ಬಾಗಿಲನ್ನು ಹಗಲೂ ರಾತ್ರಿ ತೆರೆದಿಟ್ಟಂತೆ. ಆದ್ದರಿಂದಲೇ ಬಾಗಿಲಲ್ಲಿ ಕಾವಲೂ ಇದೆ. ಕಿವಿರು ಉಸಿರಾಡುವುದಷ್ಟೇ ಅಲ್ಲ, ಹಾದುಹೋಗುವ ಪ್ರತಿ ಗುಟುಕು ನೀರಿನ ರುಚಿ ನೋಡುತ್ತದೆ, ಇದರಲ್ಲಿ ಗಾಳಿ ಎಷ್ಟಿದೆ ಎಂದು ಅಳೆಯುತ್ತದೆ, ಸಾಲದಿದ್ದರೆ ಮೆದುಳಿಗೆ ದೂರು ಕೊಡುತ್ತದೆ.

ದೂರು ಕೊಡಬೇಕಾದ ಸಂದರ್ಭಗಳು ನೀರಿನಲ್ಲಿ ಪದೇ ಪದೇ ಬರುತ್ತವೆ. ನಮಗೆ ಇದು ಸುಲಭಕ್ಕೆ ಅರ್ಥವಾಗುವುದಿಲ್ಲ, ಏಕೆಂದರೆ ಗಾಳಿ ಶ್ರೀಮಂತ ವಸ್ತು. ಅದರ ನೂರರಲ್ಲಿ 21 ಪಾಲು ಆಮ್ಲಜನಕ. ಮಡಿಕೇರಿಯಲ್ಲಿರಲಿ, ಮಂಡ್ಯದಲ್ಲಿರಲಿ, ಹಗಲಿರಲಿ, ರಾತ್ರಿಯಿರಲಿ ಆ ಪಾಲು ಬದಲಾಗುವುದಿಲ್ಲ. ನೀರಿನ ಕತೆ ಬೇರೆ. 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಹೊಟ್ಟೆ ತುಂಬ ಆಮ್ಲಜನಕ ಕುಡಿದರೂ ಲೀಟರಿಗೆ ಎಂಟು ಮಿಲಿಗ್ರಾಂ ದಾಟಿ ಹೆಚ್ಚು ಹಿಡಿಯದು. ಲೆಕ್ಕ ಹಾಕಿ ನೋಡಿ: ಒಂದು ಗ್ರಾಂ ಆಮ್ಲಜನಕ ಬೇಕಾದರೆ ನಮಗೆ ನಾಲ್ಕು ಲೀಟರಿಗಿಂತ ಕಡಿಮೆ ಗಾಳಿ ಸಾಕು, ಅದರ ತೂಕ ಐದು ಗ್ರಾಂ ಕೂಡ ಇಲ್ಲ. ಅದೇ ಒಂದು ಗ್ರಾಂ ನೀರಿನಲ್ಲಿ ಇರುವುದು ಸುಮಾರು 120 ಲೀಟರಿನಲ್ಲಿ, ಅಂದರೆ 120 ಕಿಲೋ ಭಾರದಲ್ಲಿ. ಬೆಟ್ಟ ಅಗೆದು ಇಲಿ ಹಿಡಿಯುವುದು ಎಂಬ ಮಾತನ್ನು ಮೀನು ಪ್ರತಿ ಉಸಿರಿಗೂ ನಿಜ ಮಾಡುತ್ತದೆ. ವಿಶ್ರಾಂತಿಯಲ್ಲಿರುವ ಮೀನು ತನ್ನ ಶಕ್ತಿಯ ಸುಮಾರು ಹತ್ತನೇ ಒಂದು ಪಾಲನ್ನು ಉಸಿರಾಡುವ ಕೆಲಸಕ್ಕೇ ವ್ಯಯ ಮಾಡುತ್ತದೆ ಎಂಬ ಅಂದಾಜಿದೆ. ಸುಮ್ಮನೆ ಕೂತ ನಮಗೆ ಆ ಖರ್ಚು ನೂರಕ್ಕೆ ಒಂದೆರಡು ಪಾಲು.

ಬೇಸಿಗೆ ಬಂದರೆ ಬಡತನಕ್ಕೆ ಬರೆ. ನೀರು 20 ಡಿಗ್ರಿಯಿಂದ 30ಕ್ಕೆ ಕಾದರೆ ಅದು ಹಿಡಿಯಬಲ್ಲ ಆಮ್ಲಜನಕ ಲೀಟರಿಗೆ ಒಂಬತ್ತು ಮಿಲಿಗ್ರಾಂನಿಂದ ಏಳೂವರೆಗೆ ಇಳಿಯುತ್ತದೆ. ಮೀನು ತಣ್ಣನೆ ನೆತ್ತರಿನ ಪ್ರಾಣಿ. ನೀರು ಕಾದರೆ ಅದರ ಮೈಯೂ ಕಾಯುತ್ತದೆ, ಹತ್ತು ಡಿಗ್ರಿ ಏರಿದರೆ ಮೈಯ ಬೇಡಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದಾಯ ಇಳಿಯುವುದೂ ಖರ್ಚು ಏರುವುದೂ ಒಂದೇ ತಿಂಗಳಲ್ಲಿ.

ಇಷ್ಟು ಕಷ್ಟದ ಕಸುಬನ್ನು ಮೀನು ಹೇಗೆ ನಿಭಾಯಿಸುತ್ತದೆ? ಮೊದಲನೆಯದು ಪಂಪು. ಮೀನಿನ ತೊಟ್ಟಿಯ ಮುಂದೆ ಎರಡು ನಿಮಿಷ ಕೂತರೆ ಕಾಣುತ್ತದೆ: ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಕೆನ್ನೆಯ ಮುಚ್ಚಳ ಹಿಂದೆಯೇ ತೆರೆಯುತ್ತದೆ. ಮೀನು ಸದಾ ನೀರು ಕುಡಿಯುತ್ತಿದೆ ಎಂದು ಮಕ್ಕಳು ಹೇಳುತ್ತಾರೆ, ಆದರೆ ಆ ನೀರು ಹೊಟ್ಟೆಗೆ ಹೋಗುವುದಿಲ್ಲ. ಬಾಯಿ ಮುಂದಿನಿಂದ ತಳ್ಳುತ್ತದೆ, ಮುಚ್ಚಳ ಹಿಂದಿನಿಂದ ಸೆಳೆಯುತ್ತದೆ. ಎರಡರ ನಡುವೆ ಕಿವಿರಿನ ಮೇಲೆ ನೀರು ಹೆಚ್ಚುಕಡಿಮೆ ನಿಲ್ಲದೆ, ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ನಮ್ಮ ಶ್ವಾಸಕೋಶದಲ್ಲಿ ಗಾಳಿ ಬಂದ ದಾರಿಯಲ್ಲೇ ವಾಪಸು ಹೋಗಬೇಕು. ಭಾರದ ನೀರನ್ನು ಹಾಗೆ ಹಿಂದೆ ಮುಂದೆ ಎಳೆದಾಡಿದ್ದರೆ ಮೀನು ಎಂದೋ ದಿವಾಳಿಯಾಗಿರುತ್ತಿತ್ತು.

ಎರಡನೆಯದು ಹರಿವಿನ ದಿಕ್ಕು. ಕಿವಿರಿನ ಪ್ರತಿ ಕಮಾನಿನಿಂದ ಕೆಂಪು ಎಳೆಗಳ ಸಾಲು ಹೊರಡುತ್ತದೆ. ಪ್ರತಿ ಎಳೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹಾಳೆಗಳು ಒತ್ತೊತ್ತಾಗಿ ನಿಂತಿವೆ. ಹಾಳೆಯೊಳಗೆ ನೆತ್ತರು ಹರಿಯುವ ದಿಕ್ಕು ಹೊರಗಿನ ನೀರಿಗೆ ಸರಿಯಾಗಿ ಎದುರು. ಆದ್ದರಿಂದ ಆಮ್ಲಜನಕ ತುಂಬಿಕೊಂಡು ಹೊರಡಲಿರುವ ನೆತ್ತರಿಗೂ ಕೊನೆ ಗಳಿಗೆಯಲ್ಲಿ ಎದುರಾಗುವುದು ಆಗಷ್ಟೇ ಒಳಬಂದ ಹೊಸ ನೀರು. ಅದರಿಂದ ಇನ್ನೂ ಸ್ವಲ್ಪ ಗಿಟ್ಟಿಸಬಹುದು. ಹಾಜೆಲ್‌ಹಾಫ್ ಮತ್ತು ಎವೆನ್‌ಹೌಸ್ ಎಂಬ ಡಚ್ ಸಂಶೋಧಕರು 1952ರಲ್ಲಿ ಟೆಂಚ್ ಎಂಬ ಯುರೋಪಿನ ಕೆರೆಮೀನಿನ ಕಿವಿರಿನ ಮೇಲೆ ನೀರನ್ನು ಉಲ್ಟಾ ದಿಕ್ಕಿನಲ್ಲಿ ಹರಿಸಿ ನೋಡಿದರು. ಸರಿಯಾದ ದಿಕ್ಕಿನಲ್ಲಿ ನೂರಕ್ಕೆ 51 ಪಾಲು ಆಮ್ಲಜನಕವನ್ನು ಹೀರಿಕೊಳ್ಳುತ್ತಿದ್ದ ಕಿವಿರು ಉಲ್ಟಾ ಹರಿವಿನಲ್ಲಿ ಒಂಬತ್ತಕ್ಕೆ ಬಂದು ನಿಂತಿತು. ಅಂಗ ಅದೇ, ನೀರು ಅದೇ, ದಿಕ್ಕು ಮಾತ್ರ ಬೇರೆ.

ಬುಟ್ಟಿಯಲ್ಲಿದ್ದ ಬಂಗುಡೆಯ ಬಂಧುಗಳು ಇನ್ನೂ ಒಂದು ಉಳಿತಾಯ ಕಂಡುಕೊಂಡಿವೆ. ಬಾಯಿ ತೆರೆದುಕೊಂಡೇ ಈಜುವುದು. ಈಜಿನ ವೇಗವೇ ನೀರನ್ನು ಕಿವಿರಿಗೆ ನುಗ್ಗಿಸುತ್ತದೆ, ಪಂಪಿಗೆ ರಜೆ. ದೊಡ್ಡ ಟ್ಯೂನಾಗಳು ಈ ಚಾಳಿಗೆ ಎಷ್ಟು ಒಗ್ಗಿವೆಯೆಂದರೆ ಈಜು ನಿಲ್ಲಿಸಿದರೆ ಅವು ಉಸಿರು ಕಟ್ಟಿ ಸಾಯುತ್ತವೆ.

ಈಗ ಕಾವಲುಗಾರರ ವಿಷಯ. ಮೀನಿಗೆ ನೀರಿನ ಆಮ್ಲಜನಕ ತಿಳಿಯುತ್ತದೆ ಎಂಬುದು ಹಳೆಯ ಸಂಗತಿ. ಕಡಿಮೆ ಮಾಡಿದರೆ ಅದು ಬೇಗ ಬೇಗ, ಆಳವಾಗಿ ಉಸಿರಾಡುತ್ತದೆ. ಆದರೆ ತಿಳಿಯುವುದು ಯಾವ ಜೀವಕೋಶಕ್ಕೆ? 1982ರಲ್ಲಿ ಫ್ರಾನ್ಸಿನ ಡ್ಯುನೆಲ್-ಎರ್ಬ್, ಬೈಯಿ, ಲೊರಾಂ ಎಂಬ ಮೂವರು ಕಿವಿರಿನ ಎಳೆಗಳ ಚರ್ಮದೊಳಗೆ ವಿಚಿತ್ರ ಕೋಶಗಳನ್ನು ಗುರುತಿಸಿದರು. ಅವುಗಳ ಹೊಟ್ಟೆಯಲ್ಲಿ ಸೆರೊಟೋನಿನ್ ಎಂಬ ಸುದ್ದಿವಾಹಕ ರಾಸಾಯನಿಕ ತುಂಬಿದ ಸಣ್ಣ ಚೀಲಗಳು, ಪಕ್ಕದಲ್ಲೇ ನರದ ತುದಿಗಳು. ಇವೇ ಕಾವಲುಗಾರರು ಎಂದು ರುಜುವಾತಾಗಲು ಇನ್ನೂ ಇಪ್ಪತ್ತೆರಡು ವರ್ಷ ಬೇಕಾಯಿತು. 2004ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಜೋನ್ಸ್, ಇಯಾನ್ ಫಿಯರನ್, ಕಾಲಿನ್ ನರ್ಸ್ ಜೀಬ್ರಾಮೀನಿನ ಕಿವಿರಿನಿಂದ ಈ ಕೋಶಗಳನ್ನು ಬಿಡಿಸಿ, ಒಂದೊಂದಕ್ಕೂ ಸೂಜಿಗಿಂತ ಸಣ್ಣ ವಿದ್ಯುದ್ವಾರ ತಾಗಿಸಿ, ಸುತ್ತಲಿನ ಆಮ್ಲಜನಕ ತಗ್ಗಿಸಿದರು. ಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ಕಿಂಡಿಗಳು ಮುಚ್ಚಿಕೊಂಡವು. ಹೊರಹೋಗಬೇಕಾದ ವಿದ್ಯುದಂಶ ಒಳಗೇ ಉಳಿದು ಕೋಶ ಉದ್ರೇಕಗೊಂಡಿತು. ಇಂಥ ಉದ್ರೇಕದಲ್ಲಿ ಕೋಶ ಚೀಲದಲ್ಲಿರುವುದನ್ನು ಹೊರಚೆಲ್ಲುತ್ತದೆ, ನರ ಅದನ್ನು ಹಿಡಿದು ಮೆದುಳಿನ ಬುಡಕ್ಕೆ ಸುದ್ದಿ ಒಯ್ಯುತ್ತದೆ, ಅಲ್ಲಿಂದ ಬಾಯಿಗೂ ಮುಚ್ಚಳಕ್ಕೂ ಆಜ್ಞೆ ಹೊರಡುತ್ತದೆ.

ಈ ಜೀಬ್ರಾಮೀನಿನ ಬಗ್ಗೆ ಒಂದು ಉಪಕತೆ ಹೇಳದೆ ಮುಂದೆ ಹೋಗಲಾರೆ. ಇಂದು ಜಗತ್ತಿನ ಪ್ರಯೋಗಾಲಯಗಳನ್ನೆಲ್ಲ ತುಂಬಿಕೊಂಡಿರುವ ಈ ಪಟ್ಟೆಪಟ್ಟೆಯ ಕಿರುಮೀನು ನಮ್ಮ ಉಪಖಂಡದ್ದು. ಅದಕ್ಕೆ ವಿಜ್ಞಾನದ ಹೆಸರು ಕೊಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರಲ್ಲಿ ಅಚ್ಚಾದ ಗಂಗೆಯ ಮೀನುಗಳ ಪುಸ್ತಕದಲ್ಲಿ. ಆ ಹೆಸರು ಕನ್ನಡಿಗರಿಗೆ ಹೊಸದೆನಿಸಬಹುದು, ಆದರೆ ಮನುಷ್ಯ ಹಳಬ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಮತ್ತು ಕೆನರಾ ಸೀಮೆಗಳ ಊರೂರು ತಿರುಗಿ ಬೆಳೆ, ಮಣ್ಣು, ಕಸುಬು ಎಲ್ಲವನ್ನೂ ಬರೆದಿಟ್ಟ ಡಾಕ್ಟರ್ ಬುಕಾನನ್ ಅವನೇ. ಮುಂದೆ ಹೆಸರು ಬದಲಾಯಿಸಿಕೊಂಡ. ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ ಇರುವ ಊರಿನ ಹೆಸರೂ ಹ್ಯಾಮಿಲ್ಟನ್ ಎಂಬುದು ಬರೀ ಕಾಕತಾಳೀಯ, ಆದರೂ ಬರೆಯಲು ಖುಷಿಯಾಗುತ್ತದೆ.

ಕಾವಲುಗಾರರಲ್ಲಿ ಎರಡು ಬಗೆ. ಕೆಲವರ ಮುಖ ನೀರಿನ ಕಡೆಗೆ, ಕೆಲವರ ಮುಖ ನೆತ್ತರಿನ ಕಡೆಗೆ. ಇದನ್ನು ಪತ್ತೆ ಹಚ್ಚಿದ ಉಪಾಯ ಸ್ವಲ್ಪ ಕ್ರೂರ. ಸಯನೈಡ್ ಜೀವಕೋಶ ಆಮ್ಲಜನಕ ಬಳಸುವುದನ್ನೇ ತಡೆಯುತ್ತದೆ. ಆದ್ದರಿಂದ ಅದರ ಒಂದು ತೊಟ್ಟು ತಾಗಿದರೆ ಕಾವಲಿನ ಕೋಶ ಆಮ್ಲಜನಕ ಮುಗಿದೇ ಹೋಯಿತೆಂದು ಮೋಸಹೋಗುತ್ತದೆ. ಅದನ್ನು ಒಮ್ಮೆ ಬಾಯೊಳಗಿನ ನೀರಿಗೆ, ಇನ್ನೊಮ್ಮೆ ರಕ್ತನಾಳಕ್ಕೆ ಬಿಟ್ಟು ಯಾರು ಕೂಗುತ್ತಾರೆಂದು ಸಂಶೋಧಕರು ನೋಡಿದರು. ಎರಡೂ ಕಡೆಯಿಂದ ಉಸಿರಾಟ ಏರಿತು. ಆದರೆ ಹೃದಯಕ್ಕೆ ಆಜ್ಞೆ ಹೋಗುವುದು ಬಹುಪಾಲು ಮೀನುಗಳಲ್ಲಿ ನೀರಿನ ಕಡೆಯ ಕಾವಲಿನಿಂದ. ಆಜ್ಞೆ ಏನೆಂದರೆ, ನಿಧಾನಿಸು. ನಮಗೆ ಉಸಿರು ಸಾಲದಾದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ಮೀನಿನದು ತಾಳ ತಗ್ಗಿಸಿ, ಪ್ರತಿ ಬಡಿತಕ್ಕೆ ಹೆಚ್ಚು ನೆತ್ತರು ತಳ್ಳುತ್ತದೆ.

ನಮ್ಮ ಕೊರಳಿನಲ್ಲೂ ಇಂಥದೊಂದು ಕಾವಲು ಠಾಣೆ ಇದೆ. ಮೆದುಳಿಗೆ ಹೋಗುವ ರಕ್ತನಾಳ ಕವಲೊಡೆಯುವಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಕರೋಟಿಡ್ ಬಾಡಿ. ಆ ಜಾಗದಿಂದ ಉಸಿರಾಟಕ್ಕೆ ಆಜ್ಞೆ ಹೋಗುವುದನ್ನು ತೋರಿಸಿದ್ದಕ್ಕಾಗಿಯೇ ಬೆಲ್ಜಿಯಂನ ಕಾರ್ನೇಯ್ ಹೇಮನ್ಸ್‌ಗೆ 1938ರ ನೊಬೆಲ್ ಬಂತು. ಭ್ರೂಣದಲ್ಲಿ ಅದು ಮೊಳೆಯುವ ಜಾಗ ಮೀನಿನ ಮೊದಲ ಕಿವಿರಿನ ಜಾಗವೇ, ಸುದ್ದಿ ಒಯ್ಯುವುದೂ ಅದೇ ಒಂಬತ್ತನೇ ನರ. ಹೀಗಾಗಿ ಮೀನಿನ ಕಾವಲುಗಾರನೇ ನಮ್ಮ ಕೊರಳಿಗೆ ಬಂದು ಕೂತಿದ್ದಾನೆಂದು ಬಹಳ ಕಾಲ ನಂಬಿದ್ದರು. ಕತೆ ಅಂದವಾಗಿಯೇ ಇತ್ತು. ಆದರೆ 2017ರಲ್ಲಿ ಡೊರಿಟ್ ಹಾಕ್‌ಮನ್, ಕ್ಲೇರ್ ಬೇಕರ್ ಮತ್ತು ಸಂಗಡಿಗರು ಭ್ರೂಣದ ಯಾವ ಪದರದಿಂದ ಯಾವ ಕೋಶ ಹುಟ್ಟುತ್ತದೆಂದು ಬೆನ್ನುಹತ್ತಿ ಹೋದಾಗ ವಂಶಾವಳಿ ಬೇರೆಯೇ ಎಂದು ಕಂಡಿತು. ಕಿವಿರಿನ ಕಾವಲುಗಾರರ ನಿಜವಾದ ನೆಂಟರು ನಮ್ಮ ಶ್ವಾಸಕೋಶದ ಒಳಗೋಡೆಯಲ್ಲಿದ್ದಾರೆ, ಕೊರಳಿನಲ್ಲಿರುವವರು ಬೇರೆ ಮನೆತನದವರು.

ಮನೆತನ ಬೇರೆಯಾದರೂ ಕಾವಲಿನ ಕೆಲಸ ಒಂದೇ ತರಹದ್ದು, ಆದರೆ ಮೀನಿಗೂ ನಮಗೂ ಉಸಿರಿನ ಚಿಂತೆ ಬೇರೆ ಬೇರೆ. ಹೊಳೆಯಲ್ಲಿ ಮುಳುಗುಹಾಕಿ ಯಾರು ಹೆಚ್ಚು ಹೊತ್ತು ಇರುತ್ತಾರೆಂದು ಪಂದ್ಯ ಕಟ್ಟಿದವರಿಗೆ ಕೊನೆಯಲ್ಲಿ ಎದೆಯೊಳಗಿಂದ ಒದ್ದು ಬರುವ ಆ ತಡೆಯಲಾರದ ತುಡಿತ ನೆನಪಿರುತ್ತದೆ. ಆ ತುಡಿತ ಮುಖ್ಯವಾಗಿ ಆಮ್ಲಜನಕ ಮುಗಿದದ್ದರಿಂದ ಬಂದದ್ದಲ್ಲ, ನೆತ್ತರಿನಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡದ್ದರಿಂದ. ಕಸ ಹೊರಹಾಕುವುದೇ ನಮ್ಮ ಉಸಿರಿನ ದೊಡ್ಡ ಚಿಂತೆ. ಮೀನಿಗೆ ಕಸದ ಚಿಂತೆ ಕಡಿಮೆ. ಡೈಆಕ್ಸೈಡ್ ನೀರಿನಲ್ಲಿ ಆಮ್ಲಜನಕಕ್ಕಿಂತ ಸುಮಾರು ಮೂವತ್ತು ಪಟ್ಟು ಚೆನ್ನಾಗಿ ಕರಗುತ್ತದೆ. ಆಮ್ಲಜನಕಕ್ಕಾಗಿ ಅಷ್ಟೊಂದು ನೀರು ಹಾಯಿಸುವಾಗ ಕಸ ತಾನಾಗಿಯೇ ಕೊಚ್ಚಿಹೋಗುತ್ತದೆ. ಮೀನಿಗೂ ಡೈಆಕ್ಸೈಡ್ ಅರಿವಿಗೆ ಬರುತ್ತದೆ, ಆದರೆ ದಿನಬೆಳಗಾದರೆ ಕಾಡುವ ಪ್ರಶ್ನೆ ಇಂದು ಬರುವುದೆಷ್ಟು ಎಂಬುದೇ.

ಬರುವುದು ಕಡಿಮೆಯಾದಾಗ ಕಿವಿರನ್ನು ಇನ್ನಷ್ಟು ಅಗಲ ಹರಡಿ, ಹೆಚ್ಚು ನೀರು ಹಾಯಿಸಿದರೆ ಆಯಿತಲ್ಲ? ಆಗದು. ಆಮ್ಲಜನಕ ಒಳಬರುವ ತೆಳುಗೋಡೆಯಲ್ಲೇ ಉಪ್ಪು ಹೊರಸೋರುತ್ತದೆ. ಸಿಹಿನೀರಿನ ಮೀನಿನ ನೆತ್ತರು ಸುತ್ತಲ ನೀರಿಗಿಂತ ಉಪ್ಪು. ಬಾಗಿಲು ಅಗಲವಾದಷ್ಟೂ ಉಪ್ಪಿನ ನಷ್ಟ, ಬೇಡದ ನೀರಿನ ನುಗ್ಗಾಟ, ಅದನ್ನು ಸರಿಪಡಿಸಲು ಮತ್ತೆ ಶಕ್ತಿಯ ಖರ್ಚು. ಆದ್ದರಿಂದ ಜಾಣ ಮೀನು ಕಿವಿರನ್ನು ಬೇಕಾದಷ್ಟೇ ಬಿಚ್ಚುತ್ತದೆ. ಇದರ ಪರಮಾವಧಿ ಉತ್ತರ ಯುರೋಪಿನ ಕ್ರೂಷಿಯನ್ ಗೆಂಡೆ. ತಣ್ಣಗಿನ, ಆಮ್ಲಜನಕ ಧಾರಾಳವಾಗಿರುವ ನೀರಿನಲ್ಲಿ ಅದರ ಕಿವಿರಿನ ಹಾಳೆಗಳ ನಡುವಿನ ಸಂದುಗಳೆಲ್ಲ ಕೋಶಗಳಿಂದ ತುಂಬಿ ಮುಚ್ಚಿರುತ್ತವೆ, ಹಾಳೆ ಇರುವುದೇ ಕಾಣದಷ್ಟು. ಆಮ್ಲಜನಕ ತಗ್ಗಿಸಿ ಕೆಲವು ದಿನ ಇಟ್ಟರೆ ಆ ತುಂಬಿದ ಕೋಶಗಳು ಕರಗಿ ಹಾಳೆಗಳು ಹೊರಬರುತ್ತವೆ, ಉಸಿರಾಡುವ ಮೇಲ್ಮೈ ಏಳು ಪಟ್ಟಿಗೂ ಹೆಚ್ಚಾಗುತ್ತದೆ. ಓಸ್ಲೊ ವಿಶ್ವವಿದ್ಯಾಲಯದ ಯೋರಾನ್ ನಿಲ್ಸನ್ ತಂಡ 2003ರಲ್ಲಿ ಇದನ್ನು ಪ್ರಕಟಿಸಿದಾಗ ಮೀನಿನ ಕಿವಿರು ಸ್ಥಿರವಾದ ಅಂಗ ಎಂಬ ನಂಬಿಕೆಯೇ ಹೋಯಿತು. ಅದೇ ಗೆಂಡೆ ಚಳಿಗಾಲದಲ್ಲಿ ಹಿಮದಡಿ ಆಮ್ಲಜನಕ ಪೂರ್ತಿ ಮುಗಿದ ಕೊಳದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಆಗ ಅದರ ಸ್ನಾಯುಗಳು ಮೈಯಲ್ಲಿ ಕೂಡಿಕೊಳ್ಳುವ ಲ್ಯಾಕ್ಟಿಕ್ ಆಮ್ಲವನ್ನು ಮದ್ಯಸಾರವಾಗಿ ಬದಲಿಸಿ ಕಿವಿರಿನಿಂದ ನೀರಿಗೆ ಬಿಡುತ್ತವೆ. ಸ್ವಂತ ಭಟ್ಟಿಯಿಟ್ಟು ಬದುಕುಳಿಯುವ ಪ್ರಾಣಿಯ ಬಗ್ಗೆ ಇಷ್ಟು ಚಿಕ್ಕದಾಗಿ ಬರೆಯುವುದು ಅನ್ಯಾಯ, ಆದರೆ ಅದು ಬೇರೆ ಲೇಖನ.

ಸಾಧ್ಯವಾದಾಗ ಮೀನು ಮಾಡುವ ಮೊದಲ ಕೆಲಸ ಜಾಗ ಖಾಲಿ ಮಾಡುವುದು. ಅರಬ್ಬೀ ಸಮುದ್ರದ ನಮ್ಮ ಕರಾವಳಿಯಲ್ಲಿ ಪ್ರತಿ ಮಳೆಗಾಲ ಇದು ನಡೆಯುತ್ತದೆ. ಮುಂಗಾರಿನ ಗಾಳಿಗೆ ಆಳದ ತಣ್ಣನೆ ನೀರು, ಆಮ್ಲಜನಕ ಬಹುತೇಕ ಬರಿದಾದ ನೀರು, ದಡದ ಕಡೆಗೆ ಏರಿ ಬಂದು ತಳದಲ್ಲಿ ಹಾಸಿಕೊಳ್ಳುತ್ತದೆ. 1950ರ ದಶಕದ ಕೊನೆಯಲ್ಲಿ ಕೊಚ್ಚಿಯ ಕಡಲಲ್ಲಿ ಕೆಲಸ ಮಾಡಿದ ಕಾರ್ಲ್ ಬಾನ್ಸೆ, ಈ ನೀರು ತಳಕ್ಕೆ ಬಂದಾಗ ಟ್ರಾಲ್ ಬಲೆಗೆ ತಳದ ಮೀನು ಸಿಗುವುದೇ ನಿಲ್ಲುತ್ತದೆಂದು ದಾಖಲಿಸಿದರು. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಟ್ರಾಲ್ ದೋಣಿಗಳಿಗೆ ರಜೆ. ಆಗಸ್ಟಿನಲ್ಲಿ ಅವು ಮತ್ತೆ ಕಡಲಿಗಿಳಿಯುವಾಗ ತಳದ ನೀರಿನ ಬಡತನ ಇನ್ನೂ ಮುಗಿದಿರುವುದಿಲ್ಲ.

ಕಡಲ ಮೀನಿಗೆ ಓಡಿಹೋಗಲು ಕಡಲಿದೆ. ಕೆರೆಯ ಮೀನಿಗೆ ಏರಿಯಾಚೆ ಊರಿದೆ.

ಕೆರೆಯಲ್ಲಿ ಆಮ್ಲಜನಕದ ದಿನಚರಿ ಪಾಚಿಯ ಕೈಯಲ್ಲಿ. ಕೊಳಚೆಯ ಗೊಬ್ಬರ ಕುಡಿದು ಹಸಿರುಗಟ್ಟಿದ ನೀರು ನಡುಮಧ್ಯಾಹ್ನ ಆಮ್ಲಜನಕದಿಂದ ಉಕ್ಕುತ್ತಿರುತ್ತದೆ. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ಸಾಹುಕಾರನಂತೆ ಕೊಟ್ಟದ್ದನ್ನು ವಸೂಲಿ ಮಾಡುತ್ತದೆ, ತಳದ ಕೆಸರೂ ಜೊತೆಗೂಡುತ್ತದೆ. ಬೆಳಗಿನ ಜಾವ ನಾಲ್ಕೈದು ಗಂಟೆಗೆ ಲೆಕ್ಕ ತಳ ಮುಟ್ಟುತ್ತದೆ. ಬೇಸಿಗೆಯ ಕೊನೆಗೆ ಬರುವ ಮೊದಲ ಜೋರು ಮಳೆ ಚರಂಡಿಯನ್ನೆಲ್ಲ ತೊಳೆದು ಕೆರೆಗೆ ಸುರಿದರಂತೂ ಕೇಳುವುದೇ ಬೇಡ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಪತ್ರಿಕೆಗಳಲ್ಲಿ ವಿಷದ ಮಾತೂ ಬಂತು, ಆಮ್ಲಜನಕದ ಮಾತೂ ಬಂತು. ಕೊಳಚೆ ಸೇರುವ ಕೆರೆಯಲ್ಲಿ ಮೀನು ಕೊಲ್ಲಲು ಪ್ರತ್ಯೇಕ ವಿಷ ಬೇಕಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ರಾತ್ರಿ ಸಾಕು.

ಸಾಯುವ ಮೊದಲು ಮೀನುಗಳು ಮೇಲೆ ಬಂದು ಬಾಯಿ ತೆರೆದು ನಿಲ್ಲುತ್ತವೆ. ಗಾಳಿ ಕುಡಿಯುತ್ತಿವೆ ಎಂದು ನಾವು ತಿಳಿಯುತ್ತೇವೆ. ಹೆಚ್ಚಿನವು ಕುಡಿಯುತ್ತಿರುವುದು ನೀರನ್ನೇ. ಗಾಳಿಗೆ ತಾಗಿಕೊಂಡಿರುವ, ಕೆಲವೇ ಮಿಲಿಮೀಟರ್ ದಪ್ಪದ ಮೇಲ್ಪದರದಲ್ಲಿ ಮಾತ್ರ ಆಗ ಆಮ್ಲಜನಕ ಉಳಿದಿರುತ್ತದೆ. ತುಟಿಯನ್ನು ಆ ಪದರಕ್ಕೆ ಸರಿಯಾಗಿ ಒಡ್ಡಿ ಅದನ್ನಷ್ಟೇ ಕಿವಿರಿಗೆ ಹರಿಸಿಕೊಳ್ಳುತ್ತವೆ. ಬಾಯಿ ಮೇಲ್ಮುಖವಾಗಿರುವ ಗಪ್ಪಿಯಂಥ ಮೀನಿಗೆ ಇದು ಸಲೀಸು, ಅದಕ್ಕೇ ಬೆಂಗಳೂರಿನ ಮೋರಿಗಳಲ್ಲೂ ಅದು ಮಿಂಚುತ್ತಿರುತ್ತದೆ. ಆದರೆ ಮೇಲೆ ಬಂದು ನಿಲ್ಲುವುದಕ್ಕೂ ಬೆಲೆ ಇದೆ. ಅಂಥ ಬೆಳಗುಗಳಲ್ಲಿ ಬೆಳ್ಳಕ್ಕಿಗಳಿಗೂ ಹದ್ದುಗಳಿಗೂ ಹಬ್ಬ.

ನಿಜವಾಗಿ ಗಾಳಿ ಕುಡಿಯುವ ಮೀನುಗಳೂ ನಮ್ಮಲ್ಲಿ ಬೇಕಾದಷ್ಟಿವೆ: ಕುಚ್ಚು ಮೀನು, ಚೇಳು ಮೀನು, ಮರ ಹತ್ತುವ ಮೀನೆಂದು ಹೆಸರಾದ ಅನಾಬಸ್. ಅನಾಬಸ್ ತಾಳೆ ಮರ ಹತ್ತುವುದನ್ನು ಕಂಡೆನೆಂದು ಡಾಲ್ಡಾರ್ಫ್ ಎಂಬ ಡೇನಿಶ್ ಅಧಿಕಾರಿ 1791ರ ತರಂಗಂಬಾಡಿಯ ಅನುಭವವನ್ನು ಬರೆದಿದ್ದಾನೆ. ಮರದ ಮಾತು ಹೇಗಾದರೂ ಇರಲಿ, ನೆಲದ ಮೇಲೆ ಅದು ತೆವಳುವುದಂತೂ ನಿಜ. ಅದಕ್ಕೆ ಊರುಗೋಲು ಕಿವಿರಿನ ಮುಚ್ಚಳದ ಮುಳ್ಳುಗಳೇ. ಈ ಮೀನುಗಳ ಮೇಲೆ ಭಾಗಲ್ಪುರದ ಜೆ.ಎಸ್. ದತ್ತ ಮುನ್ಶಿ ಜೀವಮಾನವಿಡೀ ಕೆಲಸ ಮಾಡಿದರು. ಬ್ರಿಟನ್ನಿನ ಜಿ.ಎಂ. ಹ್ಯೂಸ್ ಜೊತೆ 1992ರಲ್ಲಿ ಅವರು ತಂದ ಪುಸ್ತಕ ಈ ವಿಷಯದಲ್ಲಿ ಇಂದಿಗೂ ಆಧಾರ. ಗಾಳಿ ಕುಡಿಯುವ ಮೀನಿಗೆ ಹೊಸ ಪೇಚೊಂದು ಎದುರಾಗುತ್ತದೆ. ಗಾಳಿಯಿಂದ ಪಡೆದ ಆಮ್ಲಜನಕ ನೆತ್ತರಿನೊಡನೆ ಕಿವಿರಿಗೂ ಬರುತ್ತದೆ. ಹೊರಗಿನ ನೀರು ಬರಿದಾಗಿದ್ದರೆ ಅದೇ ತೆಳುಗೋಡೆಯಿಂದ ಆಮ್ಲಜನಕ ಹೊರಗೆ ಸೋರುತ್ತದೆ! ಹಾಗಾಗಿ ಕೆಟ್ಟ ನೀರಿನಲ್ಲಿ ಇವುಗಳಲ್ಲಿ ಹಲವು ಕಿವಿರಿನ ಪಂಪನ್ನು ತಗ್ಗಿಸುತ್ತವೆ. ಬೇರೆ ಮೀನುಗಳು ಮಾಡುವುದರ ತದ್ವಿರುದ್ಧ. ಅನಾಬಸ್‌ನ ಕಿವಿರಂತೂ ಎಷ್ಟು ಕುಗ್ಗಿದೆಯೆಂದರೆ ಮೇಲೆ ಬರಲು ಬಿಡದಿದ್ದರೆ ಅದು ನೀರಿನಲ್ಲೇ ಮುಳುಗಿ ಸಾಯುತ್ತದೆ. ಸರ್ಕಾರ ನಿಷೇಧಿಸಿದರೂ ನಮ್ಮ ಕೆರೆಗಳಿಗೆ ನುಸುಳಿದ ಆಫ್ರಿಕನ್ ಕ್ಯಾಟ್‌ಫಿಶ್ ಗಾಳಿ ಕುಡಿಯುವ ಇದೇ ಕಲೆಯಿಂದ, ಬೇರೆಲ್ಲ ಸತ್ತು ತೇಲಿದ ಮೇಲೂ ತಳದಲ್ಲಿ ದಪ್ಪಗಾಗುತ್ತಿರುತ್ತದೆ.

ಮಂಡ್ಯದ ಕಡೆ ಮೀನು ಸಾಕುವ ಗೆಳೆಯರೊಬ್ಬರ ಹೊಂಡದ ಬದುವಿನಲ್ಲಿ ಕಳೆದ ಬೇಸಿಗೆ ಒಂದು ರಾತ್ರಿ ಕಳೆದೆ. ಎರಡು ದಿನದಿಂದ ಮೋಡ ಮುಚ್ಚಿತ್ತು. ಬಿಸಿಲಿಲ್ಲದೆ ಪಾಚಿ ಗಳಿಸಿರಲಿಲ್ಲ, ರಾತ್ರಿಯ ಖರ್ಚು ಮಾತ್ರ ನಿಂತಿರಲಿಲ್ಲ. ಅವರ ಆಳು ನಾಲ್ಕು ಗಂಟೆಗೇ ಎದ್ದು ಟಾರ್ಚ್ ಹಿಡಿದು ಸುತ್ತು ಹಾಕುತ್ತಿದ್ದ. ಆಮ್ಲಜನಕ ಅಳೆಯುವ ಮೀಟರು ಮನೆಯಲ್ಲೇ ಇತ್ತು, ಅವನು ಅದನ್ನು ಮುಟ್ಟಲಿಲ್ಲ. ನೀರಿನ ಮೇಲೆ ಬೆಳಕು ಹರಿಸಿ, “ಕಾಟ್ಲಾ ಮೊದ್ಲು ಮ್ಯಾಕೆ ಬತ್ತವೆ ಸಾ. ಅವು ಬಂದ್ರೆ ನಮ್ಗೆ ಇನ್ನೊಂದ್ ಗಂಟೆ ಟೈಮದೆ ಅಂತ” ಅಂದ. ಬೆಳಕಿನ ವೃತ್ತದಲ್ಲಿ ಹತ್ತಾರು ದುಂಡು ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಕಿವಿಗೊಟ್ಟರೆ ಚಪ್ ಚಪ್ ಎಂಬ ಸಣ್ಣ ಸದ್ದು. ಅವನು ಹೋಗಿ ಏರೇಟರಿನ ಸ್ವಿಚ್ ಒತ್ತಿದ. ಚಕ್ರ ನೀರನ್ನು ಬಡಿಯತೊಡಗಿತು. ನಾವು ಬದುವಿನಲ್ಲೇ ಕೂತು ಬೀಡಿ, ಚಹಾ ಮುಗಿಸುವ ಹೊತ್ತಿಗೆ ಬಾಯಿಗಳು ಒಂದೊಂದಾಗಿ ಕಡಿಮೆಯಾದವು. ಕೊನೆಯ ಎರಡು ಮೂಲೆಯಲ್ಲಿ ಇನ್ನೂ ಇದ್ದವು. ಅವು ಹೋಗುವವರೆಗೆ ಅವನು ಟಾರ್ಚ್ ಆರಿಸಲಿಲ್ಲ.